ಮತ್ತೆ ನೀಲಿಯಾದ ಗಾಜು

“ಗಾಜು ತೊಳೆಯೋಳು ಅಂದ್ರಲ್ಲ, ಬಾಯಾದ್ರೂ ಹೇಗೆ ಬಂತು ನಿಮಗೆ?”

ನಾನು ಕೂಗಿದ ರಭಸಕ್ಕೆ ಸಾಹೇಬರು ಲ್ಯಾಬಿನ ಬಾಗಿಲು ಹಾಕಿದರು. ಮುಂದಿನ ತಿಂಗಳು ನನ್ನನ್ನು ಮದುವೆಯಾಗಬೇಕಿದ್ದ ಮನುಷ್ಯ. ನಮ್ಮ ಕೆಲಸ ನೋಡಲು ಬಂದಿದ್ದ ವಿಜ್ಞಾನಿಗಳು ಆಗಷ್ಟೇ ಮೆಟ್ಟಿಲಿಳಿದಿದ್ದರು.

“ಮೆಲ್ಲಗೆ, ಜಗಳಗಂಟಿ. ತೊಳೆಯೋದು ಸುಳ್ಳಾ?”

“ತೊಳೀತೀನಿ. ಅಷ್ಟೇನಾ ಮಾಡಿದ್ದು ನಾನು?”

ಮೇಜಿನ ಮೇಲಿದ್ದ ಗಾಜಿನ ಪಟ್ಟಿಗೆ ನೀಲಿ ಲೇಪವಿತ್ತು. ಬಿಸಿಯಾದರೆ ಕೆಂಪು, ಆರಿದರೆ ಮತ್ತೆ ನೀಲಿ. ಮೂರು ವರ್ಷ ಸಾಹೇಬರು ಮಾಡಿದ ಲೇಪಗಳೆಲ್ಲ ಒಮ್ಮೆ ಕೆಂಪಾದರೆ ಮುಗಿಯಿತು, ನೀಲಿಗೆ ಮರಳುತ್ತಿರಲಿಲ್ಲ. ಅವರು ಮೊದಲು ಗಾಜಿಗೆ ಸಿಲಿಕಾ ದ್ರಾವಣ ಹಚ್ಚಿ ಒಣಗಿಸಿ, ಅದರ ಮೇಲೆ ಬಣ್ಣ ಬದಲಿಸುವ ಪಾಲಿಮರಿನ ದ್ರಾವಣ ಬಳಿಯುತ್ತಿದ್ದರು. ನಾನೊಂದು ದಿನ ಎರಡನ್ನೂ ಒಂದೇ ಬೀಕರಿಗೆ ಸುರಿದುಬಿಟ್ಟೆ. ತಪ್ಪೇ. ಆದರೆ ಚೆಲ್ಲಲು ಮನಸ್ಸಾಗಲಿಲ್ಲ. ಗಾಜು ಅದ್ದಿ, ಉಸಿರು ಬಿಗಿಹಿಡಿದು ಮೆಲ್ಲಗೆ ಮೇಲೆತ್ತಿ, ಒಣಗಿಸಿ, ನೀಲಿ ಬಣ್ಣ ಬರಲೆಂದು ಯುವಿ ದೀಪದಡಿ ಇಟ್ಟೆ. ಸಿಲಿಕಾದ ಕಣ್ಣಿಗೆ ಕಾಣದ ರಂಧ್ರಗಳೊಳಗೇ ಪಾಲಿಮರು ಭದ್ರವಾಗಿ ಕೂತುಬಿಟ್ಟಿತ್ತು.

ಅಂದು ಸಾಹೇಬರು ಆ ಗಾಜನ್ನು ತಮ್ಮ ಟೀ ಲೋಟಕ್ಕೆ ಒತ್ತಿ ಹಿಡಿದರು. ಕೆಂಪಾಯಿತು. ತೆಗೆದರು, ನೀಲಿಯಾಯಿತು. ಆಮೇಲೆ ಅವರು ನೋಡಿದ್ದು ಗಾಜನ್ನಲ್ಲ.

“ಇಷ್ಟು ವರ್ಷ ಎಲ್ಲಿದ್ದೆ ನೀನು?”

“ಸಿಂಕಿನ ಹತ್ರ,” ಅಂದೆ. ಇಬ್ಬರೂ ನಕ್ಕೆವು. ನಲವತ್ತಾರರ ವಯಸ್ಸಿನಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ಇವತ್ತು ಬಂದವರು, ಈ ಉಪಾಯ ಯಾರದೆಂದು ಕೇಳಿದರೆ, “ನನ್ನದೇ” ಎಂದರು ಪುಣ್ಯಾತ್ಮ. ನಾನ್ಯಾರೆಂದು ಕೇಳಿದ್ದಕ್ಕೆ, ನನ್ನ ಕಡೆ ತಿರುಗಿಯೂ ನೋಡದೆ, “ಗಾಜು ತೊಳೆಯೋಳು” ಅಂದರು.

“ಕೆಲಸದವಳ ತಪ್ಪಿನಿಂದ ಆಯ್ತು ಅಂದ್ರೆ ನಗಲ್ವಾ ಅವರು? ಮದುವೆಯಾದ್ಮೇಲೆ ನನ್ನ ಹೆಸರು, ನಿನ್ನ ಹೆಸರು ಬೇರೆನಾ?”

“ಬೇರೆನೇ. ನಿಮ್ಮ ಅಕ್ಕನಿಗೆ ನನ್ನ ಬಗ್ಗೆ ಏನು ಹೇಳಿದ್ದೀರಿ?”

ಅವರು ಕನ್ನಡಕ ಒರೆಸಿಕೊಂಡರು. “ಆಫೀಸಲ್ಲಿದ್ದಾಳೆ ಅಂತ... ನೀನು ಕೆಲಸ ಬಿಟ್ಮೇಲೆ ನಿಧಾನಕ್ಕೆ ಹೇಳೋಣ ಅಂತಿದ್ದೆ.”

ಮೈಯೆಲ್ಲ ಉರಿಯಿತು. ನಾಚಿಕೆಯಾಗಬೇಕಿದ್ದದ್ದು ಇವರಿಗೆ, ತಲೆ ತಗ್ಗಿಸಬೇಕಾದವಳು ನಾನೇ?

“ಈಗಲೇ ಬಿಟ್ಟೆ, ತಗೊಳ್ಳಿ. ನಿಮ್ಮನ್ನೂ.”

ಏಪ್ರನ್ ಬಿಚ್ಚಿ ಅವರ ಕುರ್ಚಿಯ ಮೇಲೆ ಎಸೆದು ಹೊರಟೆ. ಮೆಟ್ಟಿಲ ತುದಿಯವರೆಗೂ ಓಡಿಬಂದರು. ಅಲ್ಲಿ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ನನ್ನ ಹೆಸರು ಹಿಡಿದು ಕರೆದರು. ಅಷ್ಟು ಚೆಂದವಾಗಿ ಯಾರೂ ಕರೆದಿರಲಿಲ್ಲ.

ತಿರುಗಿದರೆ ಕ್ಷಮಿಸಿಬಿಡುತ್ತೇನೆಂದು ಗೊತ್ತಿತ್ತು.

ತಿರುಗಲಿಲ್ಲ.