ಸವೆದ ಚೈನಿನ ಸುಳ್ಳು

ಹತ್ತು ದಿನದಿಂದ ದನದ ಡಾಕ್ಟರ ಸುಳಿವಿರಲಿಲ್ಲ. ಸೈಕಲ್ ಶಾಪಿನ ಗ್ರೀಸಮ್ಮನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಕೆನ್ನೆಯ ಮೇಲೆ ಸದಾ ಗ್ರೀಸಿನ ಒಂದು ಕರಿಗೆರೆ ಇರುತ್ತಿದ್ದುದಕ್ಕೆ ಬೀದಿಯವರು ಕೊಟ್ಟ ಬಿರುದು ಆ ಹೆಸರು.

ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಸೈಕಲ್ಲಿನಲ್ಲೇ ಹೋಗುವ ಅವನು ವಾರಕ್ಕೊಮ್ಮೆಯಾದರೂ ಬರುತ್ತಿದ್ದ. "ಗೇರ್ ತಾನಾಗೇ ಜಿಗೀತಿದೆ ನೋಡಿ," ಎನ್ನುತ್ತ ಸೀಟನ್ನು ಕರುವಿನ ಬೆನ್ನಿನಂತೆ ಸವರುತ್ತಿದ್ದ. ಅವಳು ಕೇಬಲ್ ಬಿಗಿ ಮಾಡುವಳು, ಎಣ್ಣೆ ಬಿಡುವಳು. ಅವನ ಕಣ್ಣು ಅವಳ ಕೆನ್ನೆಯ ಗೆರೆಯ ಮೇಲೆ. ಅವಳು ನೋಡದವಳಂತೆ ಪೆಡಲ್ ತಿರುಗಿಸುವಳು, ಬೇಕಿದ್ದಕ್ಕಿಂತ ಹತ್ತು ಸುತ್ತು ಹೆಚ್ಚಾಗಿಯೇ.

ಹೋದ ತಿಂಗಳು ಅವನ ಸೈಕಲ್ಲಿನ ಚೈನಿಗೆ ಸವೆತ ಅಳೆಯುವ ಗೇಜು ಇಟ್ಟಾಗ ಅದು ಸಲೀಸಾಗಿ ಕೊಂಡಿಗಳ ಒಳಗಿಳಿದಿತ್ತು. ಹಾಗೆ ಇಳಿದರೆ ಚೈನು ಸವೆದು ಉದ್ದವಾಗಿದೆ ಎಂದೇ ಅರ್ಥ. ಹೊಸದು ಹಾಕಿದರೆ ತಿಂಗಳುಗಟ್ಟಲೆ ಗೇರ್ ತಕರಾರು ಮಾಡುವುದಿಲ್ಲ. ಅವನು ಬರುವುದೂ ಇಲ್ಲ.

"ಇನ್ನೂ ಓಡುತ್ತೆ ಬಿಡಿ," ಎಂದುಬಿಟ್ಟಿದ್ದಳು. ಅಂದಿನಿಂದ ಅವಳ ನಿದ್ದೆ ಕೆಟ್ಟಿತ್ತು.

ಹನ್ನೊಂದನೆಯ ದಿನ ಅವನು ಬಂದ. ಸೈಕಲ್ ತಳ್ಳಿಕೊಂಡು, ಕುಂಟುತ್ತ.

"ಏರಿನಲ್ಲಿ ಎದ್ದು ನಿಂತು ತುಳಿದೆ. ಚೈನ್ ಜಾರ್ತು. ಮೊಣಕಾಲು ಸೀದಾ ಹ್ಯಾಂಡಲ್‌ಗೆ," ಎಂದು ನಕ್ಕ. ಆ ನಗು ನೋಡಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶಾಪಿನ ಮೂಲೆಯಲ್ಲಿ ಪಂಕ್ಚರ್ ಹಾಕುತ್ತಿದ್ದ ಅವಳ ಅಪ್ಪ ಎದ್ದು ಬಂದು ಗೇಜು ಇಟ್ಟರು. ಹಿಂದಿನ ಚಕ್ರದ ಹಲ್ಲುಗಳ ಮೇಲೆ ಬೆರಳಾಡಿಸಿದರು.

"ಚೈನ್ ಸತ್ತು ಎಷ್ಟೋ ದಿನ ಆಗಿದೆ. ಹಲ್ಲುಗಳನ್ನೂ ತಿಂದುಹಾಕಿದೆ, ಮುಳ್ಳಿನ ಹಾಗೆ ಚೂಪಾಗಿವೆ. ಇನ್ನು ಹೊಸ ಚೈನ್ ಹಾಕಿದ್ರೂ ಇವುಗಳ ಮೇಲೆ ಕೂರಲ್ಲ. ಎರಡೂ ಬದಲಾಯಿಸ್ಬೇಕು. ನಿನ್ನ ಕಣ್ಣಿಗೆ ಬೀಳ್ಲಿಲ್ವೇನೇ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು.

"ಬಿದ್ದಿತ್ತಪ್ಪ." ಅವಳು ಡಾಕ್ಟರ ಕಡೆ ತಿರುಗಿದಳು. "ಬೇಕಂತಲೇ ಹೇಳ್ಲಿಲ್ಲ. ಸೈಕಲ್ ಸರಿಹೋದ್ರೆ ನೀವು ಬರಲ್ಲ ಅಂತ."

ಅಪ್ಪ ಕೆಮ್ಮಿದರು. ಇಲ್ಲದ ಸ್ಕ್ರೂ ಒಂದನ್ನು ಹುಡುಕುತ್ತ ಒಳಗೆ ಹೋದರು.

ಅವನ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ.

"ಮತ್ತೆ ಬರೋ ಆಸೆಗೆ ನಾನು ಕಾಯಿಲೆ ಹಸುನ ಚೆನ್ನಾಗಿದೆ ಅಂದು ಬಿಟ್ಟು ಬಂದಿದ್ರೆ, ನನ್ನ ಏನಂತಿದ್ರಿ?"

"ದ್ರೋಹಿ ಅಂತಿದ್ದೆ." ಅವಳ ಕಣ್ಣು ತುಂಬಿತು, ಆದರೆ ತಗ್ಗಲಿಲ್ಲ.

ಅವನು ಕುಂಟುತ್ತ ಬಾಗಿಲವರೆಗೆ ಹೋದ. ನಿಂತ. ಮತ್ತೆ ಕುಂಟುತ್ತ ವಾಪಸು ಬಂದ.

"ಹಾಸಿಗೆ ಮೇಲೆ ಬಿದ್ಕೊಂಡು ಇಷ್ಟು ದಿನ ಏನು ಯೋಚ್ನೆ ಮಾಡ್ತಿದ್ದೆ ಗೊತ್ತಾ? ಈ ಕಾಲಲ್ಲಿ ಶಾಪಿಗೆ ಹೇಗಪ್ಪಾ ಹೋಗೋದು ಅಂತ."

"ಹಾಗಾದ್ರೆ ಕೋಪ ಹೋಯ್ತಾ?"

"ಎಲ್ಲಿಂದ ಹೋಗುತ್ತೆ! ಇನ್ಮೇಲೆ ಸೈಕಲ್ಲು ನಿಮ್ಮಪ್ಪನ ಕೈಗೇ ಕೊಡೋದು. ನೀವು ಮುಟ್ಟೋ ಹಾಗಿಲ್ಲ."

ಊರಿಗೇ ಗೇರ್ ಕೂರಿಸಿಕೊಡುವವಳಿಗೆ ಆ ಮಾತು ಚುರುಕ್ಕೆಂದಿತು. ಆದರೂ ತಲೆಯಾಡಿಸಿದಳು. "ಸರಿ. ತಪ್ಪು ನಂದೇ. ಇನ್ನು ನನ್ನ ಹತ್ರ ನಿಮಗೇನು ಕೆಲಸ?"

"ಏನೂ ಇಲ್ಲ," ಎಂದ ಅವನು, ಸ್ಟೂಲ್ ಎಳೆದು ಅವಳ ಪಕ್ಕದಲ್ಲೇ ಕೂರುತ್ತ. "ಅದಕ್ಕೇ ದಿನಾ ಬರ್ತೀನಿ. ಏನೂ ಕೆಟ್ಟಿಲ್ದೇ ಇದ್ರೂ."