ಗೋಡೆಗೆ ಕೊಟ್ಟ ಅಳತೆ

“ಅಮ್ಮಾ, ಏನು ಬೇಕಾದ್ರೂ ಕಟ್ಕೊಳ್ಳಿ. ಈ ಕೋಣೆಯೊಳಗೆ ಮನುಷ್ಯರ ಅಳತೆ ಮಾತ್ರ ತೆಗೀಬೇಡಿ,” ಎಂದ ಗಾರೆ ಮೇಸ್ತ್ರಿ.

ಹೊಸ್ತಿಲಿನ ಆಚೆಯೇ ನಿಂತಿದ್ದ. ಮೂರು ವಾರದಿಂದ ಆ ಕಟ್ಟಡದ ಗೋಡೆಗಳನ್ನೆಲ್ಲ ಮಗುವಿನ ಮೈ ಸವರಿದಂತೆ ಸವರಿ ನುಣುಪು ಮಾಡಿದವನು, ಈ ಒಂದು ಹೊಸ್ತಿಲನ್ನು ಮಾತ್ರ ಒಮ್ಮೆಯೂ ದಾಟಿರಲಿಲ್ಲ.

ಆಕೆ ನಕ್ಕಳು. ಕಟ್ಟಡದ ನಕ್ಷೆ ಬರೆಯುವವಳು. ಕೆಲಸದವರ ಬಾಯಲ್ಲಿ ಇಂಜಿನಿಯರಮ್ಮ. “ಅಳತೆ ಬೇಡ ಅಂದ್ರೆ ಕಣಿ ಕೇಳಿ ನಕ್ಷೆ ಬರೀಲಾ ಮೇಸ್ತ್ರಿ?”

ಸಾಹಸಿಗಳ ಊರು ಅದು. ಬಂಡೆ ಹತ್ತುವವರು, ಹೊಳೆಯ ಸೆಳವಿಗೆ ದೋಣಿ ಬಿಡುವವರು, ಗುಡ್ಡದ ಹಾದಿಯಲ್ಲಿ ಸೈಕಲ್ ಹೊಡೆಯುವವರು. ಹೆಗಲಿಗೊಂದು ಹಗ್ಗದ ಸುರುಳಿ ಇಲ್ಲದವರನ್ನು ಕಂಡರೆ ಬೀದಿನಾಯಿಗಳೂ ಬೊಗಳುತ್ತಿದ್ದವು. ಸಂಜೆ ಮೈಕೈ ಮುರಿದುಕೊಂಡು ಕುಂಟುತ್ತ ಇಳಿದು ಬರುವ ಈ ಜನಕ್ಕೆಂದೇ ಹಗ್ಗದಂಗಡಿಯ ಸಾಹುಕಾರ ಹಳೆಯ ಸ್ನಾನಗೃಹವೊಂದನ್ನು ಹಿಡಿದು, ಮುಂದೆ ಯೋಗಶಾಲೆ, ಹಿಂದೆ ಬಿಸಿನೀರ ಕೊಳ ಮಾಡಿಸಲು ಹೊರಟಿದ್ದ. ಆಕೆಗೆ ಇದು ಸ್ವಂತವಾಗಿ ಒಲಿದ ಮೊದಲ ಕೆಲಸ. ಅದಕ್ಕಿಂತ ಹೆಚ್ಚಾಗಿ, ತಂಗಿಗೊಂದು ನೆಲೆ. ಎರಡು ವರ್ಷದ ಹಿಂದೆ ಬಂಡೆಯಿಂದ ಬಿದ್ದು ಮಂಡಿ ಪುಡಿಮಾಡಿಕೊಂಡ ಹುಡುಗಿ, ಯೋಗ ಕಲಿತು ಕಲಿತೇ ಮತ್ತೆ ನಡೆಯುವಂತಾಗಿದ್ದಳು. ಇಲ್ಲಿ ಕಲಿಸುವವಳು ಅವಳೇ ಎಂದು ಸಾಹುಕಾರ ಮಾತು ಕೊಟ್ಟಿದ್ದ.

ತೊಡಕು ಒಂದೇ. ಕೊಳ ಕಟ್ಟಬೇಕಾದ, ಕಿಟಕಿಯಿಲ್ಲದ ಆ ಒಳಕೋಣೆಯ ಗೋಡೆಯಿಂದ ಒಸರುವ ಬುಗ್ಗೆಯ ನೀರು ಬರೀ ಉಗುರುಬೆಚ್ಚಗಿತ್ತು.

“ಹಿಂದೊಮ್ಮೆ ಪೂರ್ತಿ ಬತ್ತಿತ್ತು,” ಎಂದ ಮೇಸ್ತ್ರಿ, ದನಿ ತಗ್ಗಿಸಿ. “ಆಗಿನ ಯಜಮಾನ ಮಾಟಗಾರನ್ನ ಕರೆಸಿದ. ಅವನು ನೀರು ಹೊಯ್ಯೋ ಹೆಂಗಸನ್ನ ಗೋಡೆಗೆ ನಿಲ್ಲಿಸಿ ಅಂಗಾಲಿಂದ ನೆತ್ತಿವರೆಗೆ ದಾರದಲ್ಲಿ ಅಳೆದ. ಆ ದಾರ ಗೋಡೆಯಲ್ಲಿಟ್ಟು ಗಾರೆ ಮೆತ್ತಿಸಿದ. ಮಾರನೇ ದಿನ ನೀರು ಕುದೀತಾ ಬಂತು. ಒಳಗಿದ್ದ ಹೆಂಗಸು ಆಚೆ ಬರಲಿಲ್ಲ. ಮೆತ್ತಿದ್ದು ನಮ್ಮಜ್ಜ. ಆ ದಾರ ಈಗ ಸವೆದಿದೆ ಅನ್ಸುತ್ತೆ. ಗೋಡೆ ಹೊಸಬರನ್ನ ಹುಡುಕ್ತಿದೆ.”

“ಹಾಗಾದ್ರೆ ಗೀಸರ್ ಮಾರೋರೆಲ್ಲ ಅಂಗಡಿಗೊಬ್ಬ ಮಾಟಗಾರನ್ನ ಇಟ್ಕೋತಿದ್ರು ಬಿಡಿ.”

ಮೇಸ್ತ್ರಿ ನಗಲಿಲ್ಲ. ಕರಣೆ ಒರೆಸಿಕೊಂಡು ಹೊರಟುಹೋದ.

ಆ ಮಧ್ಯಾಹ್ನವೇ ಆಕೆ ತಂಗಿಯನ್ನು ಒಳಗೆ ಕರೆದಳು. ನೋವಿನ ಮಂಡಿಯವರು ಹಾಯಾಗಿ ಒರಗುವಂತೆ ಕೊಳದ ಕಟ್ಟೆ ಕಟ್ಟಬೇಕು. ಅದಕ್ಕೆ ತಂಗಿಯ ಮೈಗಿಂತ ಬೇರೆ ಮಾದರಿ ಯಾಕೆ?

“ನೇರ ನಿಂತ್ಕೊ. ಹಿಮ್ಮಡಿ ಗೋಡೆಗೆ ತಾಗಿಸು.”

“ಏನಕ್ಕ, ಶವಪೆಟ್ಟಿಗೆಗೆ ಅಳೀತಿದೀಯಾ?”

“ಬಾಯಿ ಮುಚ್ಚೇ. ನಿನ್ನ ಬಾಯಿ ಬೇರೆ ಅಳೆದ್ರೆ ಕೋಣೆ ಸಾಲಲ್ಲ.”

ಮಂಡಿ, ಸೊಂಟ, ಹೆಗಲು, ನೆತ್ತಿ. ಒಂದೊಂದಕ್ಕೂ ಗೋಡೆಯ ಮೇಲೆ ಪೆನ್ಸಿಲ್ಲಿನ ಗೆರೆ. ಗೋಡೆ ಒದ್ದೆ ಸುಣ್ಣ ನಾರುತ್ತಿತ್ತು. ಅದರಡಿ ಇನ್ನೊಂದು ವಾಸನೆ, ಯಾರೋ ಆಗಷ್ಟೇ ತಲೆಗೆ ಸ್ನಾನ ಮಾಡಿ ಎದ್ದು ಹೋದಂತೆ. ಅಳತೆಗಳನ್ನು ಪುಸ್ತಕಕ್ಕಿಳಿಸಿಕೊಂಡ ಮೇಲೆ, ಮೇಸ್ತ್ರಿ ಮುಟ್ಟದ ಗೋಡೆಗೆ ತಾನೇ ಗಾರೆ ಕಲಸಿ ಮೆತ್ತಿದಳು. ಪೆನ್ಸಿಲ್ ಗೆರೆಗಳನ್ನು ಯಾರಾದರೂ ಒರೆಸುತ್ತಾರೆಯೇ? ಯಾವ ಕಟ್ಟಡದಲ್ಲೂ ಒರೆಸುವುದಿಲ್ಲ. ಮುಚ್ಚಿಹೋಗುತ್ತವೆ.

ಬೆಳಿಗ್ಗೆ ಬುಗ್ಗೆ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಸಾಹುಕಾರ ಓಡಿಬಂದು, ಬೆರಳು ಸುಟ್ಟುಕೊಂಡು, ಸಂತೋಷದಲ್ಲಿ ಕುಣಿದ. ಮೇಸ್ತ್ರಿಯೊಬ್ಬ ಮಾತ್ರ ಹೊಸ ಗಾರೆಯನ್ನು ದೂರದಿಂದ ನೋಡಿ, “ಯಾರ ಅಳತೆಯಮ್ಮಾ?” ಎಂದ. ಆಕೆ ಕೇಳಿಸದವಳಂತೆ ನಕ್ಷೆ ಬಿಚ್ಚಿದಳು.

ನಾಲ್ಕನೆಯ ದಿನ ಕಟ್ಟೆ ಮುಗಿದು, ತಣ್ಣೀರು ಬೆರೆಸಿದ ಕೊಳ ತುಂಬಿತು. ಮೊದಲ ಸ್ನಾನ ತನ್ನದೇ ಎಂದು ತಂಗಿ ಟವೆಲ್ ಹೊದ್ದು ಕುಂಟುತ್ತ ಒಳಗೆ ಹೋದಳು. ಅರ್ಧ ಗಂಟೆ ಕಳೆಯಿತು. ಹೊರಗೆ ಹಗಲು ನಿಗಿನಿಗಿ ಉರಿಯುತ್ತಿತ್ತು. ಒಳಗಿನಿಂದ ಹಾಡಿಲ್ಲ, ನೀರಿನ ಸದ್ದಿಲ್ಲ.

ಆಕೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು. ದೀಪ ಆರಿತ್ತು. ಆವಿ ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿತು.

“ಅಕ್ಕ.” ಪಿಸುದನಿ. “ಬೆನ್ನು ಗೋಡೆ ಬಿಟ್ಟು ಬರ್ತಿಲ್ಲ.”

ಮೊಬೈಲಿನ ಬೆಳಕು ಬಿಟ್ಟಳು. ತಂಗಿ ಗೋಡೆಗೆ ನೇರ ನಿಂತಿದ್ದಳು, ಅಂದು ನಿಂತ ಜಾಗದಲ್ಲೇ. ಒಣಗಿದ್ದ ಗಾರೆ ಮತ್ತೆ ಒದ್ದೆಯಾಗಿತ್ತು. ಹಿಮ್ಮಡಿಯ ಮೇಲೆ ಹರಿದು, ಮಂಡಿ ಸುತ್ತಿ, ತೋಳಿನತ್ತ ತೆವಳುತ್ತಿತ್ತು.

ಆಕೆ ಬಾಗಿಲಿಗೆ ತಿರುಗಿದಳು. ಬಾಗಿಲಿರಲಿಲ್ಲ. ಕೈಗೆ ಸಿಕ್ಕಿದ್ದು ಗೋಡೆ. ಎಡಕ್ಕೆ ಗೋಡೆ. ಬಲಕ್ಕೆ ಗೋಡೆ. ಸೊಂಟದ ಟೇಪು ಎಳೆದಳು. ಯಾಕೆಂದು ಅವಳಿಗೇ ತಿಳಿಯದು, ಭಯವಾದಾಗ ಅಳೆಯುವುದೇ ಅವಳ ಚಾಳಿ. ಹನ್ನೆರಡು ಅಡಿಯ ಕೋಣೆ. ಟೇಪು ಒಂಬತ್ತು ಎಂದಿತು. ಇನ್ನೊಮ್ಮೆ ಎಳೆದಳು. ಏಳು. ಟೇಪಿನ ಆ ತುದಿಯನ್ನು ಕತ್ತಲಲ್ಲಿ ಯಾರೋ ಹಿಡಿದುಕೊಂಡಿದ್ದರು. ಮೆಲ್ಲಗೆ ಜಗ್ಗಿದರು.

ಟೇಪು ಬಿಟ್ಟಳು. ಉಗುರಿನಿಂದ ಗಾರೆ ಕೆರೆದಳು. ಕೆರೆದಷ್ಟೂ ಮುಚ್ಚಿತು. ಉಗುರು ಕಿತ್ತುಬಂತು. ಕಿರುಚಿದಳು.

“ಅಮ್ಮಾ!” ನೆಲದ ತೂಬಿನಿಂದ ಮೇಸ್ತ್ರಿಯ ದನಿ. ಕಟ್ಟಡದ ಹಿಂದೆ, ತೂಬಿನ ಹೊರತುದಿಗೆ ಬಾಯಿ ಹಚ್ಚಿ ಕೂಗುತ್ತಿದ್ದ. “ಕೆರೆದ್ರೆ ಹೋಗಲ್ಲ! ಅಳತೆಗೆ ಅಳತೆ ಕೊಟ್ರಷ್ಟೇ ಬಿಡುತ್ತೆ!”

“ಯಾರದು ಕೊಡ್ಲಿ?”

ತೂಬು ಸುಮ್ಮನಾಯಿತು. ಅಷ್ಟು ಸಾಕಿತ್ತು.

“ಬೇಡ ಅಕ್ಕ,” ಎಂದಳು ತಂಗಿ. ಗಾರೆ ಗಲ್ಲಕ್ಕೆ ಬಂದಿತ್ತು. “ನಿನ್ನಾಣೆ, ಬೇ—” ಬಾಯಿ ಮುಚ್ಚಿತು.

ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಪಕ್ಕದಲ್ಲೇ ಬೆನ್ನು ತಾಗಿಸಿ ನಿಂತಳು. ಹಿಮ್ಮಡಿ. ಮಂಡಿ. ಸೊಂಟ. ಹೆಗಲು. ನೆತ್ತಿ. ಗೆರೆ ಎಳೆದಳು. ಹಸಿ ಗಾರೆ ಬಾಚಿ ಗೆರೆಗಳ ಮೇಲೆ ಬಳಿದಳು. ಗೋಡೆ ಒಮ್ಮೆ ಉಸಿರೆಳೆದುಕೊಂಡಂತಾಯಿತು. ತಂಗಿ ದೊಪ್ಪನೆ ನೆಲಕ್ಕೆ ಬಿದ್ದಳು. ಎದುರಿಗೆ ಬಾಗಿಲು. ತೆರೆದೇ ಇತ್ತು. ಹೊರಗೆ ಹಗಲು.

ತಂಗಿಯನ್ನು ಎಳೆದು ಹೊಸ್ತಿಲಾಚೆ ನೂಕಿದಳು. ಹಿಂದೆಯೇ ತಾನೂ ದಾಟಿದಳು. ಬಟ್ಟೆ ಬದಲಿಸುವ ಕೋಣೆ, ತಂಗಿಯೂ ಇಲ್ಲ, ಯಾರೂ ಇಲ್ಲ. ಮೊಗಸಾಲೆ, ಯಾರೂ ಇಲ್ಲ. ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ನಡೆಯಲಿ ಎಂದು ಅಗಲವಾಗಿ ತಾನೇ ಬರೆದ ಮುಂಬಾಗಿಲು. ತಳ್ಳಿದಳು.

ಆವಿ. ಕತ್ತಲು. ಒದ್ದೆ ಸುಣ್ಣ.

ಮತ್ತೆ ದಾಟಿದಳು. ಮತ್ತೆ ತಳ್ಳಿದಳು. ಆವಿ.

ತನ್ನ ನಕ್ಷೆಯ ಒಂಬತ್ತು ಬಾಗಿಲುಗಳನ್ನೂ ಒಂದೊಂದಾಗಿ ತೆರೆದಳು. ಒಂಬತ್ತೂ ಆ ಒಂದೇ ಕೋಣೆಗೆ ತೆರೆದವು.

ಯೋಗಶಾಲೆ ಈಗ ಚೆನ್ನಾಗಿ ನಡೆದಿದೆ. ಇಂಜಿನಿಯರಮ್ಮ ಕೆಲಸ ಮುಗಿಸಿ ಹೇಳದೆ ಕೇಳದೆ ಊರು ಬಿಟ್ಟಳು ಎನ್ನುತ್ತಾನೆ ಸಾಹುಕಾರ. ಬಂಡೆ ಹತ್ತಿ ದಣಿದವರು ಕೊಳದಲ್ಲಿ ಕಾಲು ಚಾಚಿ, ಇಂಥ ನೀರು ಇನ್ನೆಲ್ಲೂ ಇಲ್ಲ ಎಂದು ಹೊಗಳುತ್ತಾರೆ. ಗೋಡೆಯೊಳಗಿಂದ ಆಕೆ ಎಲ್ಲವನ್ನೂ ಕೇಳುತ್ತಾಳೆ. ಕೂಗಿದರೆ ನೀರು ಗುಳುಗುಳು ಎನ್ನುತ್ತದೆ, ಅಷ್ಟೆ.

ದಿನಾ ಬೆಳಿಗ್ಗೆ, ಜನ ಬರುವ ಮುನ್ನ, ಕುಂಟು ಹೆಜ್ಜೆಯೊಂದು ಒಳಗೆ ಬರುತ್ತದೆ. ಗೋಡೆಗೆ ಬೆನ್ನು ತಾಗಿಸಿ ನಿಲ್ಲುತ್ತದೆ. ಅಳತೆಗೆ ಅಳತೆ ಕೊಡಲು ಪೆನ್ಸಿಲ್ ಮೇಲೇರುವ ಸದ್ದು.

ಆಗ ಆಕೆ ಇದ್ದಬದ್ದ ಬಲವೆಲ್ಲ ಸೇರಿಸಿ ನೀರನ್ನು ಕುದಿಸುತ್ತಾಳೆ. ಆವಿ ಭುಗಿಲೆದ್ದು ಮುಖ ಸುಡುವವರೆಗೆ, ಹೆಜ್ಜೆ ಹಿಂದಕ್ಕೆ ಸರಿದು ಹೊಸ್ತಿಲು ದಾಟುವವರೆಗೆ. ದಿನಕ್ಕಿಂತ ದಿನಕ್ಕೆ ಆ ಕುದಿ ತಗ್ಗುತ್ತಿದೆ. ಅದು ಇಬ್ಬರಿಗೂ ಗೊತ್ತು.

“ಪರವಾಗಿಲ್ಲ ಅಕ್ಕ,” ಎನ್ನುತ್ತದೆ ಹೊಸ್ತಿಲಾಚೆಯ ದನಿ. “ನಾನು ಬಂಡೆ ಹತ್ತಿದವಳು. ನಾಳೆ ಬರ್ತೀನಿ.”