ಸುಣ್ಣದ ಚುಕ್ಕೆ

ಮೂಗಿನೊಳಗೆ ನೀರು ನುಗ್ಗಿತು!

ಕಣ್ಣು ಬಿಟ್ಟರೆ ತೊಟ್ಟಿಯ ತಳದ ಪಾಚಿ. ಕುತ್ತಿಗೆಯ ಮೇಲೆ ಇಕ್ಕಳದಂಥ ಕೈ. ಎದೆಯಲ್ಲಿದ್ದ ಕೊನೆಯ ಉಸಿರು ಗುಳ್ಳೆಯಾಗಿ ಮೇಲೆ ಹೋಯಿತು...

ಕೈ ನನ್ನನ್ನು ಎತ್ತಿತು.

"ಯಾರ್ಯಾರಿಗೆ ಹೇಳಿದ್ದೀಯಾ?"

"ನಿಮ್ಮಜ್ಜಿಗೆ."

ಮತ್ತೆ ಪಾಚಿ.

ಮುಳುಗಿಸುತ್ತಿದ್ದವನನ್ನು ಎಲ್ಲರೂ ಗೂಳಿ ಅನ್ನುತ್ತಾರೆ. ಅವನಮ್ಮ ಬೇರೆ ಹೆಸರಿಟ್ಟಿರಬಹುದು. ಆ ಕುತ್ತಿಗೆ ನೋಡಿದ ಮೇಲೆ ಯಾರೂ ಕೇಳುವ ಧೈರ್ಯ ಮಾಡಿಲ್ಲ. ಅವನ ಹಿಂದೆ ಬೋರಲು ಹಾಕಿದ ಬಕೆಟ್ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದವನು ಚಿಕ್ಕಪ್ಪ. ಯಾರಿಗೂ ಚಿಕ್ಕಪ್ಪ ಅಲ್ಲ. ರೇಸ್‌ಕೋರ್ಸಿನ ಅತಿ ದೊಡ್ಡ ಬುಕ್ಕಿ.

ಅದು ರೇಸ್‌ಕೋರ್ಸಿನ ಹಿಂದಿನ ಪಂಪ್ ರೂಮು. ಇಳಿ ಮಧ್ಯಾಹ್ನ. ಗೋಡೆಯಾಚೆ ಸಾವಿರಾರು ಜನ. ಮೋಟರಿನ ಗದ್ದಲದಲ್ಲಿ ನಾನು ಗಂಟಲು ಹರಿದುಕೊಂಡರೂ ಒಬ್ಬನಿಗೂ ಕೇಳಿಸುವುದಿಲ್ಲ.

ನಾನು ಯಾರು ಅಂತೀರಾ? ಕ್ಲಬ್ಬಿನ ಪತ್ತೇದಾರ. ಕುದುರೆಗೆ ಕಳ್ಳ ಇಂಜೆಕ್ಷನ್ ಚುಚ್ಚುವವರು, ಜಾಕಿಗಳನ್ನು ಹೆದರಿಸುವವರು... ಇಂಥವರ ಬೆನ್ನು ಹತ್ತುವುದೇ ನನ್ನ ಹೊಟ್ಟೆಪಾಡು. ಆದರೆ ಅವತ್ತಿನದು ಬರೀ ಹೊಟ್ಟೆಪಾಡಲ್ಲ. ಕೊನೆಯ ರೇಸಿನಲ್ಲಿ ಹೊರದೇಶದ ಹೆಣ್ಣು ಕುದುರೆಯೊಂದು ಓಡಲಿತ್ತು. ಅದರ ಬೆನ್ನ ಮೇಲೆ ನನ್ನ ತಂಗಿ!

ಆ ಕುದುರೆಗೆ ನಮ್ಮ ಜನ ಮಳೆರಾಣಿ ಅಂತ ಹೆಸರಿಟ್ಟಿದ್ದರು. ಅದರ ದೇಶದಲ್ಲಿ ವರ್ಷವಿಡೀ ಮಳೆ. ನೆಲ ಹಾಸಿಗೆಯ ಥರ. ನಮ್ಮದು ಬಿಸಿಲಿಗೆ ಬೆಂದ ನೆಲ. ಇನ್ನೂ ಕೆಲವು ದೇಶಗಳಲ್ಲಿ ಹುಲ್ಲೇ ಇಲ್ಲ, ಬರೀ ಮಣ್ಣಿನ ಮೇಲೆ ಓಟ. ಮಳೆರಾಣಿಯ ದೇಶದವರು 'ಗಟ್ಟಿ' ಅನ್ನೋ ನೆಲ ನಮಗೆ ಮೆತ್ತಗೆ. ನಾವು 'ಪರವಾಗಿಲ್ಲ' ಅನ್ನೋ ನೆಲ ಅವರಿಗೆ ಟಾರು ರಸ್ತೆ. ಮಳೆರಾಣಿಯ ಮುಂಗಾಲಿನ ನರ ಒಮ್ಮೆ ಹರಿದು ಕೂಡಿಕೊಂಡಿತ್ತು. ಗಟ್ಟಿ ನೆಲದಲ್ಲಿ ನಾಗಾಲೋಟಕ್ಕೆ ಬಿಟ್ಟರೆ ಮತ್ತೆ ಪಟ್ ಅನ್ನುತ್ತೆ. ಕುದುರೆ ಮುಗ್ಗರಿಸುತ್ತೆ. ಮೇಲಿದ್ದವಳು ಹಿಂದೆ ಬರುವ ಗೊರಸುಗಳ ಅಡಿ!

ಅದಕ್ಕೇ ಅದರ ತರಬೇತುದಾರ, ಕೆಂಪು ಮೂಗಿನ ಮುದುಕ, ಯಾರ ಮಾತನ್ನೂ ನಂಬುತ್ತಿರಲಿಲ್ಲ. "ಮಾತು ಬೇಡ, ನಂಬರ್ ಕೊಡಿ. ನೆಲ ಗಟ್ಟಿ ಇದ್ದರೆ ನನ್ನ ಕುದುರೆ ಓಡಲ್ಲ," ಅಂದಿದ್ದ.

ನಂಬರ್ ಕೊಡುವವನು ಹುಲ್ಲಪ್ಪ. ಟ್ರ್ಯಾಕ್ ನೋಡಿಕೊಳ್ಳುವ ಮೇಲ್ವಿಚಾರಕ. ಚೂಪಾದ ಕಬ್ಬಿಣದ ಕೋಲನ್ನು ನೆಲಕ್ಕೆ ಒತ್ತುತ್ತಾನೆ. ಎಷ್ಟು ಇಳಿಯುತ್ತೋ ಅಷ್ಟು ಮೆತ್ತಗೆ. ಯಾರೂ ಮೋಸ ಅನ್ನಬಾರದು ಅಂತ ಪ್ರತಿ ಸಲ ಅದೇ ಜಾಗಗಳಲ್ಲಿ ಒತ್ತುತ್ತಾನೆ. ಆ ಜಾಗಗಳು ತಪ್ಪಬಾರದು ಅಂತ ಹುಲ್ಲಿನ ಮೇಲೆ ಸುಣ್ಣದ ಪುಡಿಯಲ್ಲಿ ಚುಕ್ಕೆ ಇಟ್ಟಿದ್ದಾನೆ.

ಪಾಪ, ಪ್ರಾಮಾಣಿಕ. ಕಳ್ಳನಿಗೆ ದಾರಿ ತೋರಿಸಿದ್ದು ಆ ಪ್ರಾಮಾಣಿಕತೆಯೇ!

ಕೊನೆಯ ರೇಸಿಗೆ ಮುಂಚೆ ಟ್ರ್ಯಾಕ್ ಸುತ್ತುವಾಗ ಚುಕ್ಕೆಯ ಮೇಲೆ ಕಾಲಿಟ್ಟೆ. ಹಿಮ್ಮಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಒಂದು ಮಾರು ಆಚೆ ಇಟ್ಟೆ. ಮಂಡಿಯವರೆಗೆ ಜುಮ್ಮೆಂದಿತು. ಸಿಮೆಂಟು! ಎಲ್ಲ ಚುಕ್ಕೆಗಳದೂ ಅದೇ ಕತೆ. ಯಾರೋ ಸುಣ್ಣ ಕದಡದ ಹಾಗೆ ಚುಕ್ಕೆಗಳ ಸುತ್ತ ಮಾತ್ರ ನೀರುಣಿಸಿದ್ದರು. ಹನಿಗಳ ಜಾಡು ಹಿಡಿದು ಪಂಪ್ ರೂಮಿಗೆ ಬಂದೆ. ಬಾಗಿಲ ಹಿಂದೆ ಗೂಳಿ ಕಾಯುತ್ತಿದ್ದ...

"ಸಾಕು, ಎತ್ತು," ಅಂದ ಚಿಕ್ಕಪ್ಪ. ಒಂದು ತೊಳೆ ಬಾಯಿಗೆ ಹಾಕಿಕೊಂಡ. "ನೋಡಪ್ಪಾ, ಊರಿಗೆ ಊರೇ ಆ ಕುದುರೆ ಮೇಲೆ ದುಡ್ಡು ಕಟ್ಟಿದೆ. ಅದು ಓಡದಿದ್ರೆ ಎಲ್ಲಾ ವಾಪಸ್ ಕೊಡ್ಬೇಕು. ಓಡಿ ಸೋತ್ರೆ ನನಗೆ. ನಾನು ಕುದುರೆ ಮುಟ್ಟಿದ್ನಾ? ಗಿಡಕ್ಕೆ ನೀರು ಹಾಕಿದೀನಿ, ಅಷ್ಟೇ."

"ಮೇಲಿರೋದು ನನ್ನ ತಂಗಿ!"

"ಗೊತ್ತು. ಒಳ್ಳೇ ಹುಡುಗಿ." ಅವನು ಬೀಜ ಉಗಿದ. "ಗೂಳಿ, ರೇಸ್ ಮುಗಿಯೋವರೆಗೂ ಇವನಿಗೆ ಸ್ನಾನ ಮಾಡಿಸ್ತಿರು."

ಗೂಳಿ ಬಗ್ಗಿದ. ಅವನ ಕಾಲರ್ ಹಿಡಿದು ತೊಟ್ಟಿಯೊಳಗೆ ಜಗ್ಗಿದೆ. ಇಬ್ಬರೂ ಮುಳುಗಿದೆವು. ವ್ಯತ್ಯಾಸ ಇಷ್ಟೇ... ನನಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು!

ಅವನ ಬೆನ್ನು ತುಳಿದು ಹೊರಗೆ ಹಾರಿದೆ. ಓಡಿದೆ.

ಲಾಯದ ಸಾಲು. ಹುಲ್ಲಿನ ಪಿಂಡಿಗಳು. ಹಿಂದೆ ಬೂಟಿನ ಸದ್ದು. ಒಂದು ಕುದುರೆಯ ಹೊಟ್ಟೆಯಡಿ ನುಸುಳಿದೆ. ಗೂಳಿ ಅದರ ಹಿಂದಿನಿಂದ ಬಂದ. ಕುದುರೆ ಒದೆಯಿತು. ಧಡಕ್ ಅಂತ ಸದ್ದಾಯಿತು. ತಿರುಗಿ ನೋಡಲಿಲ್ಲ.

ನೇರ ಕ್ಲಬ್ಬಿನ ಅಧಿಕಾರಿಗಳ ಕೋಣೆಗೆ ನುಗ್ಗಿದೆ. ಕಾರ್ಪೆಟ್ ಮೇಲೆ ನನ್ನಿಂದ ನೀರು ಸುರಿಯುತ್ತಿತ್ತು.

"ಚುಕ್ಕೆ ಬಿಟ್ಟು ಬೇರೆ ಕಡೆ ಅಳೀರಿ ಸಾರ್! ಒಂದೇ ಒಂದು ಸಲ!"

ದೊಡ್ಡ ಸಾಹೇಬರು ಮೊದಲು ಕಾರ್ಪೆಟ್ ನೋಡಿದರು. "ರೂಲ್ಸ್ ಪ್ರಕಾರ ಚುಕ್ಕೆಯಲ್ಲೇ ಅಳೀಬೇಕು. ಇಡೀ ಟ್ರ್ಯಾಕಿಗೆ ನೀರು ಬಿಟ್ಟರೋ ಮಳೆ ಬಂತೋ, ಆಗ ಮಾತ್ರ ಮತ್ತೆ ಅಳತೆ. ಮಳೆ ಬಂದಿದೆಯೇನ್ರೀ?"

"ನನ್ನ ಕೋಲಿನ ಮೇಲೇ ಅನುಮಾನವಾ?" ಹುಲ್ಲಪ್ಪನ ಮುಖ ಊದಿಕೊಂಡಿತು.

ಅಲ್ಲಿಂದ ಕುದುರೆಗಳು ಸುತ್ತು ಹಾಕುವ ಅಂಗಳಕ್ಕೆ ಓಡಿದೆ. ತಂಗಿ ಹಸಿರು ರೇಷ್ಮೆಯ ಅಂಗಿಯಲ್ಲಿ ಚಾವಟಿ ಹಿಡಿದು ನಿಂತಿದ್ದಳು. ಕೆಂಪುಮೂಗು ಬೋರ್ಡು ನೋಡಿ ತಲೆಯಾಡಿಸುತ್ತಿದ್ದ. ಬೋರ್ಡಿನಲ್ಲಿ ಅವನಿಗೆ ಬೇಕಾದ ನಂಬರ್!

"ಇದೇನೋ ಅಣ್ಣಾ, ಒದ್ದೆ ಕೋಳಿ ಥರ ಬಂದಿದ್ದೀಯಾ?"

"ಕುದುರೆ ಹತ್ತಬೇಡ ಕಣೇ. ನೆಲ ಕಲ್ಲು!"

"ಬೋರ್ಡು ಮೆತ್ತಗೆ ಅಂತಿದೆ."

"ಬೋರ್ಡಿಗೆ ಮಂಕುಬೂದಿ ಎರಚಿದಾರೆ. ಚುಕ್ಕೆಗೆ ಮಾತ್ರ ನೀರು ಹಾಕಿದಾನೆ ಚಿಕ್ಕಪ್ಪ."

ಅವಳು ಗದ್ದ ಎತ್ತಿದಳು. ಆ ಗದ್ದ ಅಮ್ಮನದು. ಎತ್ತಿದರೆ ಇಳಿಯಲ್ಲ.

"ಹೋದ ಸಲ ನಾನು ಗೆಲ್ಲೋ ಕುದುರೇನ ನೀನು ಇಂಜೆಕ್ಷನ್ ಅಂತ ನಿಲ್ಲಿಸಿದೆ. ಆಮೇಲೆ ನೋಡಿದ್ರೆ ವಿಟಮಿನ್! ಇಂಥ ಕುದುರೆ ನನಗೆ ಇನ್ಯಾವಾಗ ಸಿಗುತ್ತೆ? ಯಾರೋ ಹೇಳಿದ್ರು ಅಂತ ಹಿಂದೆ ಸರಿದ್ರೆ, ಹೆಣ್ಣು ಜಾಕಿ ಹೆದರಿದ್ಲು ಅಂತಾರೆ."

"ಸತ್ತು ಹೋಗ್ತೀಯಾ!"

"ಕುತ್ತಿಗೆ ನನ್ನದು. ಪ್ರೂಫ್ ತಗೊಂಡ್ ಬಾ, ಆಮೇಲೆ ಮಾತಾಡು."

ಗಂಟೆ ಹೊಡೆಯಿತು. ಜಾಕಿಗಳು ಕುದುರೆ ಏರಲು ಹೊರಟರು.

ಪ್ರೂಫ್...

ಥಟ್ಟನೆ ದೊಡ್ಡ ಸಾಹೇಬರ ಮಾತು ತಲೆಗೆ ಹೊಕ್ಕಿತು. ನೀರು ಬಿಟ್ಟರೆ ಮತ್ತೆ ಅಳತೆ!

ಸಾಯುವುದರಿಂದ ತಪ್ಪಿಸಿಕೊಂಡು ಬಂದ ಜಾಗಕ್ಕೇ ಮತ್ತೆ ಓಡಿದೆ.

ಪಂಪ್ ರೂಮು ಖಾಲಿ. ಎಲ್ಲರೂ ನನ್ನನ್ನು ಹುಡುಕಲು ಹೋಗಿದ್ದರು. ಗೋಡೆಯಲ್ಲಿ ಟ್ರ್ಯಾಕಿಗೆಲ್ಲ ನೀರು ಚಿಮ್ಮಿಸುವ ದೊಡ್ಡ ವಾಲ್ವ್. ಅದಕ್ಕೆ ಬಸ್ಸಿನ ಸ್ಟೀರಿಂಗಿನಷ್ಟು ದೊಡ್ಡ ಚಕ್ರ. ತಿರುಗಿಸಿದೆ. ಅಲ್ಲಾಡಲಿಲ್ಲ. ತುಕ್ಕು! ಇನ್ನೊಮ್ಮೆ... ಅಂಗೈ ಸುಲಿಯಿತು. ಚಕ್ರ ಜಪ್ಪಯ್ಯ ಅನ್ನಲಿಲ್ಲ.

"ಸ್ನಾನ ಮುಗಿದಿಲ್ಲ ಮಗನೇ."

ಬಾಗಿಲಲ್ಲಿ ಗೂಳಿ. ಹಣೆಯ ಮೇಲೆ ಗೊರಸಿನ ಅಚ್ಚು ಮೂಡಿತ್ತು.

ಪಕ್ಕೆಗೆ ಒಂದು ಒದೆ. ಒಳಗೆ ಏನೋ ಲಟಕ್ ಅಂದಿತು. ನಾನು ಚಕ್ರ ಬಿಡಲಿಲ್ಲ. ಅವನು ನನ್ನ ಸೊಂಟ ತಬ್ಬಿ ಒಂದು ಪಕ್ಕಕ್ಕೆ ಎಳೆದ. ಬಿಡಲಿಲ್ಲ. ಗೂಳಿ ಹೂಂಕರಿಸಿ ಶಕ್ತಿಯೆಲ್ಲಾ ಹಾಕಿ ಜಗ್ಗಿದ...

ಚಕ್ರ ತಿರುಗಿತು!

ನಿಜ ಹೇಳಬೇಕೆಂದರೆ, ವಾಲ್ವ್ ತೆಗೆದದ್ದು ಗೂಳಿಯೇ.

ಪೈಪುಗಳು ಗುಡುಗಿದವು. ಗೋಡೆಯಾಚೆ ಜನ ಹೋ ಅಂತ ಕೂಗಿದರು. ಕಿಟಕಿಯಲ್ಲಿ ನೋಡಿದೆ. ಇಡೀ ಟ್ರ್ಯಾಕಿನ ಉದ್ದಕ್ಕೂ ನೀರು ಆಕಾಶಕ್ಕೆ ಚಿಮ್ಮುತ್ತಿತ್ತು. ಕುದುರೆಗಳು ಇನ್ನೂ ಅಂಗಳದ ಗೇಟು ದಾಟಿರಲಿಲ್ಲ.

ಗೂಳಿ ಕಣ್ಣು ಬಾಯಿ ಬಿಟ್ಟುಕೊಂಡು ನಿಂತ. ಗಾರ್ಡುಗಳು ನುಗ್ಗಿದರು. ಇಬ್ಬರನ್ನೂ ಹಿಡಿದು ದರದರ ಎಳೆದುಕೊಂಡು ಹೋದರು.

ಟ್ರ್ಯಾಕಿನಲ್ಲಿ ದೊಡ್ಡ ಸಾಹೇಬರು ಕೆಂಡಾಮಂಡಲ. ಕೆಂಪುಮೂಗು, ತಂಗಿ, ಹುಲ್ಲಪ್ಪ ಎಲ್ಲ ಇದ್ದರು. ವಾಲ್ವ್ ಮುಚ್ಚಿದ್ದರು. ರೂಲ್ಸ್ ರೂಲ್ಸೇ. ಮತ್ತೆ ಅಳೆಯಲೇಬೇಕು.

ಹುಲ್ಲಪ್ಪ ಕೋಲು ಹಿಡಿದು ಆ ಕಡೆ ನೋಡಿದ, ಈ ಕಡೆ ನೋಡಿದ. ಬೇಲಿಯ ಉದ್ದಕ್ಕೂ ಹೋಗಿ ಬಂದ.

"ಸಾರ್... ಚುಕ್ಕೆಗಳೇ ಇಲ್ಲ!"

ಸುಣ್ಣ ಅಲ್ಲವೇ. ಕೊಚ್ಚಿಕೊಂಡು ಹೋಗಿತ್ತು!

"ಎಲ್ಲಾದರೂ ಒತ್ತಯ್ಯಾ!" ಸಾಹೇಬರು ಕಿರುಚಿದರು.

ಹುಲ್ಲಪ್ಪ ನಿಂತಲ್ಲೇ ಒತ್ತಿದ. ಟಣ್! ಬೆರಳಿನ ಒಂದು ಗೆಣ್ಣಿನಷ್ಟೂ ಇಳಿಯಲಿಲ್ಲ. ಮೇಲೆ ನೀರು ಹರಿದು ಹೋಗುತ್ತಿತ್ತು, ಅಡಿಯಲ್ಲಿ ನೆಲ ಬಂಡೆ. ಮುಂದೆ ಹೋಗಿ ಒತ್ತಿದ. ಟಣ್! ತಿರುವಿನಲ್ಲಿ ಒತ್ತಿದ. ಕೋಲು ಬಾಗಿತು. ಹುಲ್ಲಪ್ಪ ಅದನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತುಬಿಟ್ಟ. ಮುಖ ಸುಣ್ಣಕ್ಕಿಂತ ಬೆಳ್ಳಗೆ.

ಕೆಂಪುಮೂಗು ಬಗ್ಗಿ ಹೆಬ್ಬೆರಳಲ್ಲಿ ನೆಲ ಒತ್ತಿ ನೋಡಿದ. ನೇರ ಮಳೆರಾಣಿಯ ಹತ್ತಿರ ಹೋಗಿ ತಾನೇ ಜೀನು ಬಿಚ್ಚಿದ.

ತಂಗಿ ಬಾಗಿದ ಕೋಲನ್ನೇ ನೋಡುತ್ತಿದ್ದಳು. ಗದ್ದ ನಿಧಾನಕ್ಕೆ ಇಳಿಯಿತು. ಅವಳ ಕೈ ತನ್ನ ಕುತ್ತಿಗೆ ಸವರಿಕೊಂಡಿತು.

ಸಂಜೆ ಚಿಕ್ಕಪ್ಪನ ಕೌಂಟರಿನ ಮುಂದೆ ದುಡ್ಡು ವಾಪಸ್ ಕೇಳುವವರ ಜಾತ್ರೆ. ಠಾಣೆಯಲ್ಲಿ ಗೂಳಿ ಎಲ್ಲ ಬಾಯಿಬಿಟ್ಟ. ಬಿಟ್ಟರೇನು? ಇನ್‌ಸ್ಪೆಕ್ಟರ್ ಕಾನೂನು ಪುಸ್ತಕ ತಿರುವಿ ತಿರುವಿ ಸುಸ್ತಾದ. ಹುಲ್ಲಿಗೆ ನೀರು ಹಾಕುವುದು ಅಪರಾಧ ಅಂತ ಎಲ್ಲೂ ಬರೆದಿರಲಿಲ್ಲ. ನನ್ನನ್ನು ಹೊಡೆದದ್ದಕ್ಕೆ ಗೂಳಿ ಒಳಗೆ. 'ಸ್ನಾನ ಮಾಡಿಸು ಅಂದೆ, ಹೊಡಿ ಅಂದ್ನಾ?' ಅಂದ ಚಿಕ್ಕಪ್ಪ ಹೊರಗೆ, ಕಿತ್ತಳೆ ಸುಲಿಯುತ್ತಾ.

ನಾನು ಆಸ್ಪತ್ರೆಯಲ್ಲಿ. ಪಕ್ಕೆಗೆ ಪಟ್ಟಿ. ತಂಗಿ ಕ್ಲಬ್ಬಿನಿಂದ ಬಂದ ಕಾಗದ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದಳು.

"ಏನಂತೆ? ಬಹುಮಾನವಾ?"

"ದಂಡ." ಅವಳು ಓದಿದಳು. "ಅನುಮತಿ ಇಲ್ಲದೆ ಟ್ರ್ಯಾಕಿಗೆ ನೀರು ಬಿಟ್ಟಿದ್ದಕ್ಕೆ... ನಿನ್ನ ಎರಡು ತಿಂಗಳ ಸಂಬಳ."

"ತೆಗೆದದ್ದು ಗೂಳಿ!"

"ಸುಮ್ನೆ ಕಟ್ಟೋ." ಕಾಗದ ಮಡಿಸಿ ನನ್ನ ದಿಂಬಿನಡಿ ತುರುಕಿದಳು. "ನನ್ನ ತಿಥಿ ಮಾಡಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು."